ಸುಗ್ಗಿ ಗದ್ದೆಗೆ ತೂತಿನ ಪೈಪ್: ಒಂದು ಬೆಳೆಯ ಅನುಭವ

ಬ್ರಹ್ಮಾವರದ ಹತ್ತಿರ ನಮ್ಮದು ಅರ್ಧ ಎಕರೆ ಸುಗ್ಗಿ ಗದ್ದೆ, ಅಂದರೆ ಮಳೆಗಾಲ ಮುಗಿದ ಮೇಲಿನ ಎರಡನೇ ಭತ್ತದ ಬೆಳೆ. ಈ ಸಲ ನೀರಿನ ಮಟ್ಟ ನೋಡುವ ತೂತಿನ ಪಿವಿಸಿ ಪೈಪ್ ತಂದೆ. 30 ಸೆಂಟಿಮೀಟರ್ ಉದ್ದ, ಅರ್ಧ ಮಣ್ಣಿನೊಳಗೆ. ಒಳಗಿನ ನೀರು ಮಣ್ಣಿಗಿಂತ 15 ಸೆಂಟಿಮೀಟರ್ ಕೆಳಗಿಳಿದ ಮೇಲೆ ಪಂಪ್ ಹಾಕಿದರೆ ಸಾಕು. ಸದಾ ನೀರು ನಿಂತ ಕೆಸರಲ್ಲಿ ಗಾಳಿಯಾಡದೆ ಭೂಮಿಯನ್ನು ಬಿಸಿಮಾಡುವ ಮೀಥೇನ್ ಅನಿಲ ಹುಟ್ಟುತ್ತದೆ, ನಡುನಡುವೆ ಆರಿದರೆ ಅದು ಕಡಿಮೆ, ಬೇರಿಗೂ ಉಸಿರು. ಹೂ ಬರುವಾಗ ಮಾತ್ರ ಗದ್ದೆಯಲ್ಲಿ ನೀರು ಇರಲೇಬೇಕು.

ಆದರೆ ಅಂಗಡಿಯವರು ಕೊಟ್ಟದ್ದರ ತೂತು ತೀರಾ ದೊಡ್ಡದು. ಎರಡೇ ದಿನದಲ್ಲಿ ಕೆಸರು ತುಂಬಿ, ಒಳಗೊಂದು ಏಡಿ ಬೇರೆ ಕೂತಿತ್ತು! ಹಳೆ ಸೀರೆಯ ತುಂಡು ಸುತ್ತಿದ ಮೇಲೆ ಸರಿಯಾಯಿತು. ಮಳೆಗಾಲದ ಏಣೆಲು ಬೆಳೆಗೆ ಇದು ಸುಮ್ನೆ ದಂಡ, ಆಗ ಆಕಾಶವೇ ಪಂಪ್ ಹಾಕುತ್ತದೆ ಅಲ್ವಾ. ಮನೆಯಲ್ಲಿ ಪೈಪಿನ ತುಂಡು, ಡ್ರಿಲ್ ಇದ್ದರೆ ನೀವೇ ಮಾಡಿಕೊಳ್ಳಿ.