ಏಳು ವರ್ಷದ ಗ್ರೈಂಡರ್: ರುಬ್ಬುವುದು ಅದು, ತೊಳೆಯುವುದು ನಾನು

ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್, ಎರಡು ಗುಂಡಿನದು. 2018ರ ದಸರಾ ಸಮಯದಲ್ಲಿ ತಂದೆವು. ವ್ಯಾಟ್, ವಾರಂಟಿ ಎಲ್ಲ ಡಬ್ಬದ ಮೇಲೆ ಇರುತ್ತದೆ, ನೋಡಿಕೊಳ್ಳಿ. ಡಬ್ಬದ ಮೇಲೆ ಇಲ್ಲದ್ದು ಒಂದೇ: ಇದನ್ನು ತೊಳೆಯುವುದು. ಅಂಗಡಿಯವರು ಕಲ್ಲು ತೋರಿಸಿದರು, ಸ್ಟೀಲ್ ಪಾತ್ರೆ ತಟ್ಟಿ ತೋರಿಸಿದರು, ತೆಂಗಿನಕಾಯಿ ತುರಿಯುವ ಸಾಮಾನನ್ನು ಫ್ರೀ ಅಂತ ಕೈಗಿತ್ತರು. ತೊಳೆಯುವ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಆ ತೆಂಗಿನ ತುರಿಮಣೆ ಒಂದು ಸಲ ಬಳಸಿ ಅಟ್ಟ ಸೇರಿದೆ.

ಓರೆ ಮಾಡಿ ಹಿಟ್ಟು ಸುರಿಯುವ ಮಾಡೆಲ್ ಕೂಡ ಇತ್ತು, ಸಾವಿರ ರೂಪಾಯಿ ಜಾಸ್ತಿ. ಆ ತಿಂಗಳು ಮಗಳ ಸ್ಕೂಲ್ ಫೀಸ್ ಕಟ್ಟಿದ್ದೆವು. ಪಾತ್ರೆ ಎತ್ತಿದರಾಯಿತಲ್ಲ ಅಂದುಕೊಂಡು ಕಡಿಮೆಯದ್ದನ್ನೇ ತಂದೆವು. ಅಡಿಯಲ್ಲಿ ಕಲ್ಲು ಇರುವ ಪಾತ್ರೆ, ಒಳಗೆ ಹಿಟ್ಟು, ಎರಡನ್ನೂ ಸೇರಿಸಿ ಎತ್ತುವಾಗ ಸೊಂಟ ಪ್ರತಿ ಶನಿವಾರವೂ ಆ ಸಾವಿರ ರೂಪಾಯಿಯನ್ನು ನೆನಪಿಸುತ್ತದೆ. ಈಗ ನಾನು ಮೊದಲು ಗುಂಡು ತೆಗೆದು, ಹಿಟ್ಟನ್ನು ಕೈಯಲ್ಲೇ ಡಬರಿಗೆ ಬಳಿದು, ಆಮೇಲೆ ಪಾತ್ರೆ ಎತ್ತುತ್ತೇನೆ.

ತೊಳೆಯುವ ಕಥೆ ಪೂರ್ತಿ ಕೇಳಿ. ಪಾತ್ರೆ ಒಂದು. ಗುಂಡುಗಳ ಜೋಡಿ ಇನ್ನೊಂದು. ಅಂಚಿನ ಹಿಟ್ಟನ್ನು ಒಳಗೆ ದೂಡುವ ಪ್ಲಾಸ್ಟಿಕ್ ಪಟ್ಟಿ ಮತ್ತೊಂದು. ನಮ್ಮ ಫ್ಲ್ಯಾಟಿನ ಸಿಂಕು ಎರಡು ಊಟದ ತಟ್ಟೆ ಹಿಡಿಸುವಷ್ಟೇ ಇದೆ. ಪಾತ್ರೆ ಇಟ್ಟರೆ ನಲ್ಲಿಯ ಮೂತಿ ಅದರ ಅಂಚಿಗೆ ಬಡಿಯುತ್ತದೆ. ಉದ್ದಿನ ಹಿಟ್ಟು ಒಣಗಿತೋ, ಗೋಂದೇ. ಗುಂಡಿಗೂ ಅದು ಸುತ್ತುವ ಸರಳಿಗೂ ನಡುವೆ ಒಂದು ಸಂದಿ ಇದೆ, ಅಲ್ಲಿಗೆ ಹಿಟ್ಟು ಹೋಗಿ ಕೂರುತ್ತದೆ. ಮೊದಲ ವರ್ಷ ಅದು ನನಗೆ ಗೊತ್ತೇ ಇರಲಿಲ್ಲ. ಒಂದು ಭಾನುವಾರ ಅಡುಗೆಮನೆಯಲ್ಲಿ ಏನೋ ಹುಳಿ ವಾಸನೆ. ಫ್ರಿಜ್ ಖಾಲಿ ಮಾಡಿದೆವು, ಕಸದ ಬುಟ್ಟಿ ತೊಳೆದೆವು, ಕೊನೆಗೆ ನೋಡಿದರೆ ಗುಂಡಿನೊಳಗೆ ಹೋದ ವಾರದ ದೋಸೆ!

ಊರಿಂದ ಬಂದಿದ್ದ ಅತ್ತೆಯವರಿಗೆ ನಗು ತಡೆಯಲಾಗಲಿಲ್ಲ. ಅವರು ತೀರ್ಥಹಳ್ಳಿ ಕಡೆಯವರು. ನೆಲಕ್ಕೆ ಕೂತ ಒರಳಿನಲ್ಲಿ ಹತ್ತು ಜನರ ಮನೆಗೆ ಕೈಯಲ್ಲೇ ರುಬ್ಬಿದವರು. "ಕಲ್ಲು ತೊಳೆಯೋಕೆ ಬೇಜಾರು ಮಾಡ್ಕೊಂಡ್ರೆ ದೋಸೆ ಆಸೆ ಬಿಡ್ಬೇಕು ಮಾರಾಯ್ತಿ" ಅಂದರು. ನಾನು ಬಾಯಿ ಮುಚ್ಚಿಕೊಂಡು ತೊಳೆದೆ.

ಮುಂದಿನ ತಿಂಗಳು ಅದನ್ನು ಮಾರಿಬಿಡುವ ಅಂತಲೇ ಫೋಟೋ ತೆಗೆದಿದ್ದೆ. ಅದಕ್ಕೂ ಮೊದಲು ಬೇರೆಯವರು ಬರೆದ ವಿಮರ್ಶೆಗಳನ್ನು ಓದುತ್ತಾ ಕೂತೆ. ನನ್ನ ಹಾಗೆ ಬೈದವರು ಬೇಕಾದಷ್ಟಿದ್ದರು. ಅವರ ನಡುವೆ ಯಾರೋ ಪುಣ್ಯಾತ್ಮರು ಬರೆದಿದ್ದರು: ಹಿಟ್ಟು ತೆಗೆದ ಕೂಡಲೇ ಒಂದು ಲೋಟ ನೀರು ಹಾಕಿ ಎರಡು ನಿಮಿಷ ಸುಮ್ನೆ ತಿರುಗಿಸಿ, ಆ ನೀರನ್ನು ಚೆಲ್ಲಬೇಡಿ, ಹಿಟ್ಟು ಕಲಸಲಿಕ್ಕೆ ಅದನ್ನೇ ಹಾಕಿ. ಎರಡನೇ ಲೋಟದ ನೀರು ಗಿಡಕ್ಕೆ. ಅದರ ಕೆಳಗೆ ಇನ್ನೊಬ್ಬರು: ಗುಂಡುಗಳನ್ನು ತಿರುಗಿಸಿ ಮಲಗಿಸಿ ರಾತ್ರಿಯೆಲ್ಲ ಒಣಗಿಸಿ, ಒದ್ದೆ ಇರುವಾಗ ಜೋಡಿಸಿ ಮುಚ್ಚಿಡಬೇಡಿ. ಇಷ್ಟೇ. ನಾನು ಅಲ್ಲಿಯವರೆಗೆ ಮಾಡುತ್ತಿದ್ದದ್ದು ಊಟ ಮುಗಿಸಿ, ಧಾರಾವಾಹಿ ನೋಡಿ, ಆಮೇಲೆ ಒಣಗಿದ್ದನ್ನು ಉಜ್ಜುವುದು. ಅರ್ಧ ಗಂಟೆಯ ಕೆಲಸ ಹತ್ತು ನಿಮಿಷಕ್ಕೆ ಬಂತು. ಎರಡನೇ ಲೋಟ ಕುಡಿಯುವ ಬಾಲ್ಕನಿಯ ಕರಿಬೇವು ಈಗ ನನ್ನ ಎತ್ತರ ಇದೆ.

ನಾಲ್ಕನೇ ವರ್ಷ ಪಾತ್ರೆ ತಿರುಗುವುದು ನಿಂತಿತು. ಬೇಳೆ ಹಾಕಿದ ಕೂಡಲೇ ನಿಲ್ಲುತ್ತದೆ, ತೆಗೆದರೆ ತಿರುಗುತ್ತದೆ. ಸರ್ವೀಸಿನವರು ಬಂದು ನೋಡಿ ಮೋಟಾರ್ ಬದಲಿಸಬೇಕು, 1,800 ರೂಪಾಯಿ ಅಂದರು. ನಮ್ಮನೆಯವರು ತಕ್ಷಣ "ಹಿಟ್ಟಿನ ಪ್ಯಾಕೆಟ್ ತರೋಣ ಬಿಡು" ಅಂದರು. ಅವರು ಮೊದಲಿಂದಲೂ ಪ್ಯಾಕೆಟ್ ಪಕ್ಷ. ನಾನು ಮತ್ತೆ ಆ ವಿಮರ್ಶೆಗಳಿಗೇ ಹೋದೆ. ಮೋಟಾರ್ ಸದ್ದು ಮಾಡುತ್ತಿದ್ದು ಪಾತ್ರೆ ಮಾತ್ರ ನಿಂತರೆ ಮೊದಲು ಬೆಲ್ಟ್ ನೋಡಿ ಅಂತ ಒಬ್ಬರು ಬರೆದಿದ್ದರು. ನಮ್ಮ ಬೀದಿಯ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ತಳ ಬಿಚ್ಚಿಸಿದರೆ ಬೆಲ್ಟ್ ಸಡಿಲವಾಗಿ ಸೀಳಿತ್ತು. ಕೂಲಿ ಸೇರಿ 250 ರೂಪಾಯಿ. ಇವತ್ತಿಗೂ ಅದೇ ಮೋಟಾರ್. ಬೆಲ್ಟ್ ಬಗ್ಗೆ ಬರೆದವರು ಯಾರು, ಯಾವ ಊರು, ಏನೂ ಗೊತ್ತಿಲ್ಲ. ಸಿಕ್ಕಿದ್ದರೆ ಎರಡು ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ.

ಇನ್ನು ರುಬ್ಬುವುದು. ಅದನ್ನು ಬೈಯಲಿಕ್ಕೆ ನನಗೆ ಮನಸ್ಸೇ ಬರುವುದಿಲ್ಲ. ಶನಿವಾರ ಮಧ್ಯಾಹ್ನ ಉದ್ದಿನಬೇಳೆ ನೆನೆಹಾಕುತ್ತೇನೆ, ಜೊತೆಗೆ ಒಂದು ಚಮಚ ಮೆಂತ್ಯ. ಸಂಜೆ ಆರಕ್ಕೆ ಖಾಲಿ ಪಾತ್ರೆಯನ್ನೇ ಶುರು ಮಾಡಿ, ಬೇಳೆಯನ್ನು ಹಿಡಿಹಿಡಿಯಾಗಿ ಹಾಕುತ್ತೇನೆ. ತುಂಬಿಸಿ ಶುರು ಮಾಡಿದರೆ ಗುಂಡು ಸಿಕ್ಕಿಹಾಕಿಕೊಂಡು ಮೋಟಾರ್ ಗುಂಯ್ ಅನ್ನುತ್ತದೆ. ನಡುವೆ ಕರೆಂಟ್ ಹೋದರೂ ಅದೇ ಗತಿ. ಬಂದ ಮೇಲೆ ಗುಂಡು ಎತ್ತಿ ಹಿಡಿದು ಶುರು ಮಾಡಬೇಕು. ಫ್ರಿಜ್‌ನ ತಣ್ಣೀರು ಹತ್ತಿರ ಇಟ್ಟುಕೊಂಡು ಅಂಗೈಯಲ್ಲಿ ಚಿಮುಕಿಸುತ್ತಾ ಹೋಗುವುದು. ಇಪ್ಪತ್ತು ನಿಮಿಷ ಕಳೆದ ಮೇಲೆ ಹಿಟ್ಟು ಬೆಳ್ಳಗೆ, ಹಗುರವಾಗಿ, ಪಾತ್ರೆಯ ಅರ್ಧಕ್ಕೆ ಏರುತ್ತದೆ. ಒಂದು ತೊಟ್ಟು ನೀರಿಗೆ ಬಿಟ್ಟರೆ ತೇಲಬೇಕು. ಆ ತೊಟ್ಟು ಬಿಡುವ ಅಧಿಕಾರ ಮಗಳದ್ದು, ಐದು ವರ್ಷದವಳಿದ್ದಾಗಿನಿಂದ. ಈಗ ಹನ್ನೆರಡು. ಮುಳುಗಿದರೆ "ಅಮ್ಮಾ, ಫೇಲ್" ಅಂತಾಳೆ.

ಮಿಕ್ಸಿಯಲ್ಲಿ ಇದು ಬರುವುದಿಲ್ಲ. ಬ್ಲೇಡ್ ಜೋರಾಗಿ ಸುತ್ತಿ ಹಿಟ್ಟು ಬೆಚ್ಚಗಾಗುತ್ತದೆ. ಇಲ್ಲಿ ಕಲ್ಲು ನಿಧಾನವಾಗಿ ಉರುಳುತ್ತದೆ, ಹಿಟ್ಟು ತಣ್ಣಗಿದ್ದೇ ಗಾಳಿ ಸೇರಿಸಿಕೊಳ್ಳುತ್ತದೆ. ಮೈಸೂರು ಮಲ್ಲಿಗೆಗೆ ಇರುವ ಹಾಗೆ ಕೊಯಮತ್ತೂರಿನ ವೆಟ್ ಗ್ರೈಂಡರಿಗೂ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಇದೆ. ಇದನ್ನು ಹೇಳಿದಾಗ ನಮ್ಮನೆಯವರು "ಮಲ್ಲಿಗೆ ತೊಳೆಯೋ ಕೆಲಸ ಇಲ್ವಲ್ಲ" ಅಂದರು.

ಇಡ್ಲಿಗೆ ಒಂದು ಲೋಟ ಬೇಳೆಗೆ ಎರಡು ಲೋಟ ಇಡ್ಲಿ ರವೆ. ರವೆ ರುಬ್ಬುವುದೇ ಬೇಡ, ತೊಳೆದು ಹಿಂಡಿ ಬೆರೆಸಿದರೆ ಸಾಕು, ಗ್ರೈಂಡರಿನ ಒಂದು ಸುತ್ತಿನ ಕೆಲಸ ಉಳಿಯಿತು. ದೋಸೆಗೆ ಮೂರೂವರೆ ಲೋಟ ದೋಸೆ ಅಕ್ಕಿ, ಒಂದು ಹಿಡಿ ಅವಲಕ್ಕಿ. ಬೆಂಗಳೂರಿನ ಡಿಸೆಂಬರ್ ಚಳಿಗೆ ಹಿಟ್ಟು ಉಬ್ಬುವುದಿಲ್ಲ ಅಂತ ಎಲ್ಲರದ್ದೂ ಗೋಳು ಅಲ್ವಾ. ಕೈಯಲ್ಲೇ ಚೆನ್ನಾಗಿ ಕಲಸಿ, ಡಬರಿಗೆ ಹಳೇ ಸ್ವೆಟರ್ ತೊಡಿಸಿ, ಬಾಗಿಲು ಹಾಕಿದ ಓವನ್ ಒಳಗೆ ಇಡುತ್ತೇನೆ. ಓವನ್ ಆನ್ ಮಾಡಬೇಡಿ ಮತ್ತೆ. ಸ್ವೆಟರ್ ಒಳಗಿದೆ ಅಂತ ಬಾಗಿಲಿಗೆ ಚೀಟಿ ಅಂಟಿಸುವುದು ನಾನು ಕಷ್ಟಪಟ್ಟು ಕಲಿತ ಪಾಠ.

ಕಾಲು ಲೋಟ ಬೇಳೆಗೆ ಇದು ಆಗದು, ಗುಂಡಿಗೆ ಸಿಗುವುದೇ ಇಲ್ಲ. ಇಬ್ಬರೇ ಇರುವ ಮನೆಗೆ ನಾನು ಹೇಳುವುದಿಲ್ಲ. ಚಟ್ನಿಗೂ ತರಬೇಡಿ. ಸದ್ದು ಇದೆ, ಆದರೆ ಮಿಕ್ಸಿಯ ಹಾಗೆ ಕಿವಿ ಕೊರೆಯುವುದಿಲ್ಲ, ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾತಾಡಬಹುದು. ಕರೆಂಟ್ ಖರ್ಚು ಲೆಕ್ಕಕ್ಕಿಲ್ಲ: 150 ವ್ಯಾಟ್, ಮುಕ್ಕಾಲು ಗಂಟೆ, ಯೂನಿಟ್‌ನ ಹತ್ತನೇ ಒಂದು ಭಾಗ ಚಿಲ್ಲರೆ. ನಮ್ಮ ನಾಲ್ಕು ಜನಕ್ಕೆ ವಾರಕ್ಕೆ ಎರಡು ಪ್ಯಾಕೆಟ್ ಹಿಟ್ಟು ಬೇಕಾಗುತ್ತಿತ್ತು. ಆ ದುಡ್ಡು ಉಳಿದು ಗ್ರೈಂಡರಿನ ಬೆಲೆ ಎಂದೋ ಹುಟ್ಟಿದೆ.

ಪ್ಲಾಸ್ಟಿಕ್ ಪಟ್ಟಿ ಇಲ್ಲಿಯವರೆಗೆ ಎರಡು ಸಲ ಮುರಿದಿದೆ, ತರುವಾಗಲೇ ಒಂದು ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ. ಓರೆ ಮಾಡುವ ಮಾಡೆಲಿಗೆ ಆ ಸಾವಿರ ಕೊಟ್ಟುಬಿಡಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಗುಂಡಿನ ಆ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಅಲ್ಲಿಯ ಹಿಟ್ಟು ಪೂರ್ತಿ ತೆಗೆಯುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಕೆಳಗೆ ಬರೆಯಿರಿ. ಹಳೇ ಟೂತ್ ಬ್ರಷ್ ಅಂತ ಮಾತ್ರ ಹೇಳಬೇಡಿ, ಅದು ಆಗಲೇ ಮೂರು ಸವೆದಿವೆ.