ಅಜ್ಜಿಯ ಇಳಕಲ್: ಹಳೆಯದನ್ನೇ ಉಡುವುದಾ, ಹೊಲಿಸುವುದಾ, ಹೊಸದು ಕೊಳ್ಳುವುದಾ?

ಅಜ್ಜಿಯ ಟ್ರಂಕಿನಿಂದ ನನ್ನ ಪಾಲಿಗೆ ಬಂದದ್ದು ಎರಡು ಇಳಕಲ್ ಸೀರೆ, ಒಂದು ಖಣದ ಕುಪ್ಪಸ. ಅವುಗಳ ಚೆಲುವನ್ನು ಆಫೀಸಿಗೂ ಉಟ್ಟು ಹೋಗಬೇಕು ಅನ್ನೋ ಆಸೆ. ಈ ವರ್ಷ ನಾಲ್ಕು ಥರ ಮಾಡಿ ನೋಡಿದೆ.

ಮೊದಲು ಹಳೇ ಸೀರೆಯನ್ನೇ ಉಟ್ಟೆ. ಎಷ್ಟೋ ಒಗೆತ ಕಂಡ ಹತ್ತಿ, ಬೆಣ್ಣೆಯ ಹಾಗೆ ಮೆತ್ತಗೆ. ದಿನವಿಡೀ ಉಟ್ಟರೂ ಭಾರ ಅನ್ನಿಸಲಿಲ್ಲ. ಆದರೆ ಸಂಜೆ ಬಸ್ ಹತ್ತುವಾಗ ಮೊಣಕಾಲ ಹತ್ತಿರ ಪರ್ ಅಂತ ಹರಿಯಿತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ದದ್ದಕ್ಕೆ ಆ ಗೆರೆಯಲ್ಲೇ ನೂಲು ಸವೆದಿತ್ತು. ಇಳಕಲ್‌ನಲ್ಲಿ ಸೆರಗಿನ ಹಾಸನ್ನು, ಅಂದರೆ ಮಗ್ಗದ ಉದ್ದದ ಎಳೆಗಳನ್ನು, ಬೇರೆ ಮಾಡಿಕೊಂಡು, ಒಡಲಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ನಾನು ಹೆದರಿದ್ದು ಆ ಕೊಂಡಿ ಸಾಲಿಗೆ. ಅದು ಮಾತ್ರ ಒಂದು ಎಳೆಯೂ ಬಿಟ್ಟಿರಲಿಲ್ಲ!

ಆಮೇಲೆ ಆ ಹಳೇ ಚೆಲುವು ಬರಲಿ ಅಂತ ರೆಡಿಮೇಡ್ ಬುಗ್ಗೆ ತೋಳಿನ ರವಿಕೆ ತಂದೆ, 900 ರೂಪಾಯಿ. ಜಾರುವ ಪಾಲಿಯೆಸ್ಟರ್. ಎರಡು ಒಗೆತಕ್ಕೆ ಬುಗ್ಗೆ ಕುಸಿದು ಜೋತುಬಿತ್ತು. ತೋಳು ಉಬ್ಬಿ ನಿಲ್ಲಬೇಕಾದರೆ ಬಟ್ಟೆಗೆ ಸ್ವಲ್ಪ ಬಿಗುವು ಬೇಕು, ನೆರಿಗೆ ಒತ್ತಾಗಿರಬೇಕು. ಇದನ್ನು ಬಿಟ್ಟುಬಿಡಿ.

ಎರಡನೇ ಸೀರೆ ಕತ್ತರಿಸಿ ಉದ್ದನೆಯ ಫ್ರಾಕ್ ಹೊಲಿಸಿದ್ದು ನನಗೆ ಇವತ್ತಿಗೂ ನೋವು. ನೋಡೋಕೆ ಚೆನ್ನಾಗಿತ್ತು, ಎಲ್ಲರೂ ಹೊಗಳಿದರು. ಆದರೆ ಟೋಪ ತೆನಿ ಅನ್ನೋ ಬಿಳಿ ವಿನ್ಯಾಸವಿರುವ ಕೆಂಪು ಸೆರಗು ಎದೆಯ ಮೇಲೆ ಬರಲಿ ಅಂದಿದ್ದೆ. ಬಿಳಿ ತೆನಿಗಳು, ಮೈಗೆ ಕೂರಲೆಂದು ಡಾರ್ಟ್ (ಒಳಮಡಿಕೆ) ಹಿಡಿದಲ್ಲಿ, ಅರ್ಧರ್ಧ ತುಂಡಾದವು. ಹಳೇ ಹತ್ತಿ ಹೊಲಿಗೆಯ ಎಳೆತ ತಡೆಯಲಿಲ್ಲ. ಮೂರನೇ ಸಲ ಹಾಕಿದಾಗ ಸೊಂಟದ ಹತ್ತಿರ ಪಿಸಿಯಿತು. ಸೀರೆ ಆಗಲೇ ಹರಿದಿದ್ದರೆ ಸುಮ್ನೆ ದುಪಟ್ಟಾ ಮಾಡಿಕೊಳ್ಳಿ. ಮೈಗೆ ಅಂಟುವ ಉಡುಪು ಬೇಡ.

ನನಗೆ ಒಗ್ಗಿದ್ದು ನಾಲ್ಕನೆಯದು: ಬಟ್ಟೆ ಹೊಸದು, ಹೊಲಿಗೆಯ ರೀತಿ ಅಜ್ಜಿಯ ಕುಪ್ಪಸದ್ದು. ಇಳಕಲ್‌ಗೇ ಹೋಗಿ ಕೈಮಗ್ಗದ ಸೀರೆ ತಂದೆ. ಬರುವಾಗ ಗುಳೇದಗುಡ್ಡದ ಖಣವನ್ನೂ ಕೊಂಡೆ. ಕುಪ್ಪಸ ಮುಂದಿಟ್ಟು "ಹೀಗೇ ಬೇಕು" ಅಂದಾಗ ಟೈಲರ್ ಅಕ್ಕ, "ಈಗ ಯಾರ್ ಹಾಕ್ತಾರ್ರೀ ಇದನ್ನ" ಅಂತ ಹಿಂಜರಿದರು. ಆಮೇಲೆ ಕಂಕುಳಿನ ಭಾಗ ತಿರುವಿ ನೋಡಿ ಸುಮ್ಮನಾದರು. ಅಲ್ಲಿ ಅಂಗೈಯಷ್ಟೂ ಇಲ್ಲದ ಒಂದು ಚೌಕದ ತುಂಡು. ಈಗಿನ ರವಿಕೆಯಲ್ಲಿ ಕೈ ಎತ್ತಿದರೆ ಇಡೀ ರವಿಕೆ ಮೇಲೆ ಬರುತ್ತದೆ, ಅಲ್ವಾ? ಆ ತುಂಡು ಇದ್ದರೆ ಕೈಯಷ್ಟೇ ಮೇಲೆ ಹೋಗುತ್ತದೆ, ರವಿಕೆ ನಿಂತಲ್ಲೇ ನಿಲ್ಲುತ್ತದೆ. ಬೀಸುವುದು, ಕುಟ್ಟುವುದು, ಹೊಲದ ಕೆಲಸ ಎಲ್ಲ ಅಜ್ಜಿ ಅದರಲ್ಲೇ ಮಾಡಿದ್ದರು.

ಖಣ ರವಿಕೆಗೆಂದೇ ನೇಯುವ ಬಟ್ಟೆ. ಅಂಚನ್ನು ತೋಳಿನ ತುದಿಗೆ ಬರುವ ಹಾಗೆ ಕೂರಿಸಿದರು; ಬೇರೆ ಪಟ್ಟಿ ಬೇಕಾಗಲಿಲ್ಲ. ನಾನು ಬದಲಿಸಿದ್ದು ಒಂದೇ. ಮುಂದೆ ಗಂಟು ಕಟ್ಟುವ ಜಾಗಕ್ಕೆ ಹುಕ್ ಹಾಕಿಸಿದೆ. ಹೊಲಿಗೆ 650, ಸೀರೆ 2,800. ನಾಲ್ಕರಲ್ಲಿ ಇದೇ ದುಬಾರಿ. ಆದರೆ ಆಫೀಸಿಗೆ ವಾರಕ್ಕೊಮ್ಮೆಯಾದರೂ ಹಾಕುತ್ತೇನೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಸೆರಗು ಸರಿಮಾಡಿಕೊಳ್ಳುವ ಚಿಂತೆ ಇಲ್ಲ. ಈ ರವಿಕೆ ಜೀನ್ಸ್ ಮೇಲೂ ಒಪ್ಪುತ್ತದೆ, ಸ್ವಲ್ಪ ಉದ್ದ ಹೊಲಿಸಿದರೆ ಸಾಕು.

ಹರಿದ ಸೀರೆಗೆ ಒಳಗಿನಿಂದ ತೆಳುವಾದ ಮಲ್ ಬಟ್ಟೆ ಕೊಟ್ಟು ರಫು ಮಾಡಿಸಿದ್ದೇನೆ. ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ, ಎರಡು ತಿಂಗಳಿಗೊಮ್ಮೆ ಬಿಡಿಸಿ ಮಡಿಕೆಯ ಜಾಗ ಬದಲಿಸುತ್ತೇನೆ. ಟೈಲರ್ ಅಕ್ಕ ಮೊನ್ನೆ ಕುಪ್ಪಸವನ್ನು ಮತ್ತೆ ಕೇಳಿ ಇಸಿದುಕೊಂಡರು. ಆ ಚೌಕದ ತುಂಡಿನ ಅಳತೆ ಕಾಗದದ ಮೇಲೆ ಇಳಿಸಿಕೊಳ್ಳಬೇಕಂತೆ.