ಕೈ ತೊಳೆದುಕೊಂಡು ಬೆನ್ನು ಹತ್ತಿದ್ದೇನೆ: ಕೈ ಶುಚಿ ಕಲಿಸಲು 5 ದಾರಿ, ಯಾವುದು ನಿಂತಿತು?

ನಾನೊಂದು ಆಸ್ಪತ್ರೆಯಲ್ಲಿ ಇನ್ಫೆಕ್ಷನ್ ಕಂಟ್ರೋಲ್ ನರ್ಸ್. ವಾರ್ಡಿನವರು ಬೆನ್ನ ಹಿಂದೆ ಇಟ್ಟಿರುವ ಹೆಸರು ‘ಸೋಪು ಸಿಸ್ಟರ್’. ಎಲ್ಲರಿಗೂ ಕೈ ಶುಚಿ ಮಾಡಿಕೊಳ್ಳೋದನ್ನು ಹೇಳಿಕೊಡೋದು, ಮಾಡ್ತಿದ್ದಾರಾ ಅಂತ ನೋಡೋದು, ನನ್ನ ಕೆಲಸದ ಮುಕ್ಕಾಲು ಪಾಲು ಇಷ್ಟೇ. “ಡಾಕ್ಟರಿಗೆ, ನರ್ಸಿಗೆ ಕೈ ತೊಳೆಯೋದು ಕಲಿಸಬೇಕಾ?” ಅಂತ ನಮ್ಮ ಅತ್ತೆಯೇ ನಗುತ್ತಾರೆ. ಕಲಿಸಬೇಕು. ಕೆಲವು ವರ್ಷಗಳಿಂದ ಒಂದೊಂದೇ ದಾರಿ ಹಿಡಿದು ನೋಡಿದ್ದೇನೆ. ಕೆಲವಕ್ಕೆ ದುಡ್ಡು ಸುರಿದೆವು, ಕೆಲವು ಪುಕ್ಕಟೆ. ಇದೇ ಕೆಲಸದಲ್ಲಿ ಇರುವವರಿಗೆ, ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸೆಮಿನಾರ್ ಹಾಲ್, ಪ್ರೊಜೆಕ್ಟರ್, ಸ್ಲೈಡು, ಕೊನೆಗೆ ಚಹಾ-ಬಿಸ್ಕತ್ತು. ಇಂಥ ಕ್ಲಾಸುಗಳಲ್ಲಿ ಮೊದಲ ಸ್ಲೈಡು ಡಾ. ಸೆಮ್ಮೆಲ್ವೈಸ್ ಅವರದೇ ಆಗಿರಬೇಕು, ಅದೊಂದು ಗಣಪತಿ ಪೂಜೆ ಇದ್ದ ಹಾಗೆ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಬಂದು ಹೆರಿಗೆಯ ಹೆಂಗಸರನ್ನು ಪರೀಕ್ಷೆ ಮಾಡುತ್ತಿದ್ದರು. ಬ್ಲೀಚಿಂಗ್ ಪೌಡರಿನ ನೀರಲ್ಲಿ ಕೈ ತೊಳೆದೇ ಒಳಗೆ ಬನ್ನಿ ಅಂದರು ಸೆಮ್ಮೆಲ್ವೈಸ್. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ತಾಯಂದಿರ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಕಥೆ ಕೇಳಿ ಎಲ್ಲರೂ ತಲೆಯಾಡಿಸುತ್ತಾರೆ. ಕ್ಲಾಸಿನ ಮೊದಲೂ ಆಮೇಲೂ ಒಂದು ಪ್ರಶ್ನೆಪತ್ರಿಕೆ ಕೊಟ್ಟಿದ್ದೆ. ಆಮೇಲಿನದರಲ್ಲಿ ಬಹುತೇಕ ಎಲ್ಲರಿಗೂ ಪೂರ್ತಿ ಅಂಕ. ಆದರೆ ಮೊದಲಿನದರಲ್ಲೂ ಅಂಕ ಚೆನ್ನಾಗೇ ಇದ್ದವು! ಅಂದರೆ ಗೊತ್ತಿಲ್ಲ ಅನ್ನೋದು ಇಲ್ಲಿನ ರೋಗವೇ ಅಲ್ಲ. ಅವತ್ತು ಮಧ್ಯಾಹ್ನವೇ ಐಸಿಯುಗೆ ಹೋಗಿ ನಿಂತು ನೋಡಿದೆ. ಪೂರ್ತಿ ಅಂಕ ತೆಗೆದವರು ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಅದೇ ಕೈಯಲ್ಲಿ ಓಡಾಡುತ್ತಿದ್ದರು.

ಇನ್ನೊಂದು ಮಾತು. ಸ್ಲೈಡೆಲ್ಲ ಇಂಗ್ಲಿಷಿನಲ್ಲಿತ್ತು. ಹಿಂದಿನ ಸಾಲಿನಲ್ಲಿ ಕೂತ ಆಯಾಗಳು, ಹೌಸ್ ಕೀಪಿಂಗ್‌ನವರು ಸುಮ್ನೆ ಚಹಾಕ್ಕೆ ಕಾಯುತ್ತಿದ್ದರು. ತಪ್ಪು ನನ್ನದೇ.

ಎರಡನೆಯದು ಹೊಳೆಯುವ ಜೆಲ್. ಇದನ್ನು ಕೈಗೆ ಉಜ್ಜಿಕೊಂಡು, ಮಾಮೂಲಿಯಾಗಿ ತೊಳೆದು, ನೇರಳಾತೀತ (ಯುವಿ) ಬೆಳಕಿನ ಕೆಳಗೆ ಹಿಡಿದರೆ, ನೀರು-ಸೋಪು ತಲುಪದ ಜಾಗ ಪಳಪಳ ಹೊಳೆಯುತ್ತದೆ. ಕಂಪನಿಯವರ ಪೆಟ್ಟಿಗೆ ದುಬಾರಿ. ನಾವು ಕ್ಯಾಶ್ ಕೌಂಟರಿನಿಂದ ಖೋಟಾ ನೋಟು ನೋಡುವ ಲೈಟನ್ನೇ ಕಡ ತಂದು, ರಟ್ಟಿನ ಡಬ್ಬಕ್ಕೆ ಕಪ್ಪು ಬಟ್ಟೆ ಹೊದಿಸಿ ಕೆಲಸ ಮುಗಿಸಿದೆವು. ಜೆಲ್ ಮಾತ್ರ ಕೊಂಡಿದ್ದು.

ಮಜಾ ಅಂದರೆ ಇದು. ಕ್ಲಾಸಿಗೆ ಕರೆದರೆ ಬಾರದವರೆಲ್ಲ ಸಾಲು ನಿಂತರು. ಹೆಚ್ಚಿನವರ ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು ಹೊಳೆಯುತ್ತಿತ್ತು. 1978ರಲ್ಲಿ ಇಂಗ್ಲೆಂಡಿನ ನರ್ಸುಗಳನ್ನು ಪರೀಕ್ಷಿಸಿದಾಗಲೂ ಬಿಟ್ಟುಹೋಗಿದ್ದು ಇವೇ ಜಾಗಗಳು. ಸರ್ಜನ್ ಒಬ್ಬರ ಎರಡು ಹೆಬ್ಬೆರಳೂ ದೀಪದ ಹಾಗೆ ಬೆಳಗಿದಾಗ ಓಟಿಯ ಹುಡುಗರಿಗೆ ಆದ ಖುಷಿ ಹೇಳತೀರದು. ನನ್ನ ಬಿಳಿ ಕೋಟೂ ಹೊಳೆಯಿತು ಅನ್ನಿ. “ಸಿಸ್ಟರ್, ನೀವೇ ಎಲ್ಲರಿಗಿಂತ ಕೊಳೆ” ಅಂತ ನಕ್ಕರು. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಎದ್ದು ಕಾಣಲಿ ಅಂತ ಹಾಕುವ ಪದಾರ್ಥವೂ ಈ ಬೆಳಕಿಗೆ ಹೊಳೆಯುತ್ತದೆ. ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಗೊಂದಲ.

ಕ್ಲಾಸಿಗೂ ಇದಕ್ಕೂ ಹೋಲಿಸಿದರೆ ಆಕಾಶ-ಭೂಮಿ ವ್ಯತ್ಯಾಸ. ಒಮ್ಮೆ ಕಂಡ ಹೆಬ್ಬೆರಳನ್ನು ಯಾರೂ ಮರೆಯಲಿಲ್ಲ. ತಿಂಗಳುಗಳಾದ ಮೇಲೂ ಕೈ ಉಜ್ಜುವ ಕ್ರಮ ಸರಿಯಾಗೇ ಇತ್ತು. ಆದರೆ ಒಂದು ಕೊರತೆ ನನಗೆ ತಡವಾಗಿ ಹೊಳೆಯಿತು. ಈ ಬೆಳಕು ಕಲಿಸೋದು ಹೇಗೆ ಉಜ್ಜಬೇಕು ಅನ್ನೋದನ್ನು. ಯಾವಾಗ ಅನ್ನೋದನ್ನಲ್ಲ. ಮೊದಲು ಹತ್ತು ಸಲ ಮುಟ್ಟಿ ಎರಡು ಸಲ ಕೆಟ್ಟದಾಗಿ ತೊಳೆಯುತ್ತಿದ್ದವರು ಈಗ ಎರಡು ಸಲ ಚೆಂದವಾಗಿ ತೊಳೆಯುತ್ತಿದ್ದರು.

ಆಮೇಲೆ ಮೈಕ್ರೋಬಯಾಲಜಿ ಲ್ಯಾಬಿನವರನ್ನು ಕಾಡಿ ಬೇಡಿ ಕಲ್ಚರ್ ಪ್ಲೇಟ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ, ತಂದೆ. ಕೈ ತೊಳೆಯುವ ಮೊದಲು ಬೆರಳು ಒತ್ತಿಸಿದೆ, ತೊಳೆದ ಮೇಲೆ ಇನ್ನೊಂದು ಪ್ಲೇಟಿಗೆ ಒತ್ತಿಸಿದೆ. ಎರಡು ದಿನ ಇನ್‌ಕ್ಯುಬೇಟರಿನಲ್ಲಿಟ್ಟು ತೆಗೆದರೆ ಬೆರಳಚ್ಚಿನ ಆಕಾರದಲ್ಲೇ ಚುಕ್ಕಿ ಚುಕ್ಕಿಯಾಗಿ ಬೆಳೆದಿತ್ತು. ಆಯಾಗಳು “ಥೂ, ಇಸ್ಸಿ” ಅಂತ ಮುಖ ಕಿವುಚಿದರು. ಆ ಹೇಸಿಗೆಗೆ ಬಲ ಇದೆ. ನಮ್ಮ ಕೋಲಾರದ ಪಕ್ಕದ ಚಿತ್ತೂರು ಜಿಲ್ಲೆಯ ಹಳ್ಳಿಗಳಲ್ಲಿ ‘ಸೂಪರ್ ಅಮ್ಮ’ ಅಂತ ಒಂದು ಪ್ರಯೋಗ ಮಾಡಿದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಫಲಿತಾಂಶ 2014ರಲ್ಲಿ ಹೊರಬಂತು. ಅಲ್ಲಿ ರೋಗ, ಕ್ರಿಮಿ ಅಂತ ಹೆದರಿಸಲೇ ಇಲ್ಲ. ಹೇಸಿಗೆ, ತಾಯಿಯ ಅಕ್ಕರೆ, ಮಕ್ಕಳಿಗೆ ಒಳ್ಳೆಯ ನಡತೆ ಕಲಿಸೋದು, ಇವನ್ನೇ ನಾಟಕ, ಅನಿಮೇಷನ್ ಕಥೆಗಳಲ್ಲಿ ತೋರಿಸಿದರು. ಆರು ತಿಂಗಳ ನಂತರ ಪ್ರಯೋಗದ ಹಳ್ಳಿಗಳಲ್ಲಿ ತೊಳೆಯಬೇಕಾದ ಹೊತ್ತಿನಲ್ಲಿ ಸೋಪು ಹಾಕಿ ಕೈ ತೊಳೆಯೋದು ನೂರಕ್ಕೆ 37, ಉಳಿದ ಹಳ್ಳಿಗಳಲ್ಲಿ 6. ಶುರುವಿನಲ್ಲಿ ಎರಡೂ ಕಡೆ ಒಂದೆರಡೇ ಇತ್ತು.

ಆಸ್ಪತ್ರೆಯಲ್ಲಿ ಮಾತ್ರ ಪ್ಲೇಟು ನನಗೆ ಕೈಕೊಟ್ಟಿತು. ಒಬ್ಬ ಪಿಜಿ ಡಾಕ್ಟರ ಪ್ಲೇಟಿನಲ್ಲಿ ತೊಳೆದ ಮೇಲೆಯೇ ಚುಕ್ಕಿ ಜಾಸ್ತಿ! ಹೀಗೂ ಆಗುತ್ತದೆ. ಚರ್ಮದಲ್ಲೇ ಮನೆ ಮಾಡಿಕೊಂಡಿರುವ ನಿರಪಾಯದ ಬ್ಯಾಕ್ಟೀರಿಯಾಗಳು ಸೋಪು ಹಾಕಿ ಉಜ್ಜಿದಾಗ ಮೇಲೆ ಬರುತ್ತವೆ. ರೋಗಿಯಿಂದ ಅಂಟಿಕೊಂಡದ್ದು ಬೇರೆ, ಇದು ಬೇರೆ. ನಾನು ವಿವರಿಸುವಷ್ಟರಲ್ಲಿ ಅವರು ಪ್ಲೇಟಿನ ಫೋಟೋ ತೆಗೆದು ಎಲ್ಲರಿಗೂ ತೋರಿಸಿ ಆಗಿತ್ತು. “ಮೇಡಂ, ತೊಳೆಯದಿದ್ದರೇ ಕ್ಲೀನು” ಅನ್ನೋ ಜೋಕು ಒಂದು ತಿಂಗಳು ಓಡಿತು. ಜೆಲ್ ಇಂಥ ತಲೆನೋವು ಕೊಡಲ್ಲ, ಎರಡು ದಿನ ಕಾಯಿಸೋದೂ ಇಲ್ಲ. ಪ್ಲೇಟು ಆಯಾಗಳಿಗೆ ಒಳ್ಳೆಯದು, ಡಾಕ್ಟರುಗಳಿಗೆ ಬೇಡ.

ಪೋಸ್ಟರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಂಟಿಸಿದ ವಾರ ಓದುತ್ತಾರೆ, ಆಮೇಲೆ ಅದು ಗೋಡೆಯೇ ಆಗಿಹೋಗುತ್ತದೆ. ಕೈ ಉಜ್ಜುವ ಕ್ರಮಕ್ಕೆ ನಮ್ಮ ದೇಶದಲ್ಲಿ ‘ಸುಮನ್-ಕೆ’ ಅಂತ ಒಂದು ಸೂತ್ರ ಓಡಾಡುತ್ತದೆ. ಸೀಧಾ, ಉಲ್ಟಾ, ಮುಟ್ಠಿ, ಅಂಗೂಠಾ, ನಾಖೂನ್, ಕಲಾಯಿ. ಹಿಂದಿ ಬಾರದ ನಮ್ಮ ಆಯಾಗೆ ಇದು ಯಾವುದೋ ಹುಡುಗಿಯ ಹೆಸರು ಅಷ್ಟೇ. ನಾವು ಅದನ್ನು ಬಿಟ್ಟು ಅಂಗೈ, ಹಿಂಗೈ, ಮುಷ್ಟಿ, ಹೆಬ್ಬೆರಳು, ಉಗುರು, ಮಣಿಕಟ್ಟು ಅಂತ ಹಾಡಿನ ಹಾಗೆ ಹೇಳಿಸಿದೆವು. ಅದು ಹತ್ತಿತು. ಪೋಸ್ಟರಿನಲ್ಲಿ ಏನು ಬರೆಯುತ್ತೀರಿ ಅನ್ನೋದೂ ಮುಖ್ಯ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ನಡೆದು 2011ರಲ್ಲಿ ಬಂದ ಅಧ್ಯಯನದಲ್ಲಿ, ಕೈ ಶುಚಿ ನಿಮ್ಮನ್ನು ಕಾಪಾಡುತ್ತದೆ ಅನ್ನುವ ಬೋರ್ಡಿನಿಂದ ಏನೂ ಆಗಲಿಲ್ಲ. ರೋಗಿಗಳನ್ನು ಕಾಪಾಡುತ್ತದೆ ಅನ್ನುವ ಬೋರ್ಡಿನ ಕೆಳಗೆ ಸೋಪು, ಸ್ಯಾನಿಟೈಸರ್ ಹೆಚ್ಚು ಖರ್ಚಾಯಿತು. ನಮಗೇನೂ ಆಗಲ್ಲ ಅನ್ನೋ ಧೈರ್ಯ ನಮ್ಮ ಮಂದಿಗೆ ಜನ್ಮಕ್ಕೇ ಅಂಟಿದ್ದು, ಅಲ್ವಾ?

ಕೊನೆಗೆ ಬಂದದ್ದು ಎಣಿಕೆ. ಇದರಲ್ಲಿ ಹೊಳಪೂ ಇಲ್ಲ, ಮಜಾನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಹೊತ್ತುಗಳಿವೆ. ರೋಗಿಯನ್ನು ಮುಟ್ಟುವ ಮೊದಲು, ಸೂಜಿ-ಕ್ಯಾತಿಟರ್ ಥರದ ಕೆಲಸಕ್ಕೆ ಮೊದಲು, ರಕ್ತ-ಮೂತ್ರ ತಾಗುವಂಥ ಕೆಲಸದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಮಂಚ-ಲಾಕರ್-ಮಾನಿಟರ್ ಮುಟ್ಟಿದ ಮೇಲೆ. ವಾರ್ಡಿನ ಮೂಲೆಯಲ್ಲಿ 20 ನಿಮಿಷ ಕೂತು, ಇಂಥ ಹೊತ್ತು ಎಷ್ಟು ಬಂತು, ಎಷ್ಟು ಸಲ ಕೈ ಶುಚಿಯಾಯಿತು ಅಂತ ಗೀಟು ಹಾಕೋದು. ಅಷ್ಟೇ.

ಮೊದಲ ಕೆಲವು ತಿಂಗಳು ಗೀಟು ಎಣಿಸಿ ಕಮಿಟಿಗೆ ವರದಿ ಕೊಟ್ಟೆ. ಫೈಲು ದಪ್ಪವಾಯಿತು, ಬೇರೇನೂ ಆಗಲಿಲ್ಲ. ಆಮೇಲೆ ಅಲ್ಲೇ, ಆಗಲೇ ಹೇಳೋಕೆ ಶುರು ಮಾಡಿದೆ. ಎಲ್ಲರೆದುರು ಅಲ್ಲ, ಟ್ರಾಲಿ ಹತ್ತಿರ ನಿಂತು ಮೆಲ್ಲಗೆ. ವಾರ್ಡಿನ ಅಂಕ ನರ್ಸಿಂಗ್ ಸ್ಟೇಷನ್ನಿನ ಗೋಡೆಗೆ ಹಾಕಿದೆ, ಯಾರ ಹೆಸರೂ ಇಲ್ಲದೆ. ಆಗ ಕಂಡದ್ದು ಎರಡು ವಿಷಯ. ಮುಟ್ಟಿದ ಮೇಲೆ ಎಲ್ಲರೂ ತೊಳೆಯುತ್ತಾರೆ, ಅದು ತಮಗಾಗಿ. ಮುಟ್ಟುವ ಮೊದಲು ಮರೆಯುತ್ತಾರೆ, ಅದು ರೋಗಿಗಾಗಿ. ಇನ್ನೊಂದು ಗ್ಲೌಸು. ಹಾಕಿಕೊಂಡರೆ ಕೈ ಶುಚಿ ಬೇಡ ಅಂತ ತಿಳಿದು ಅದೇ ಗ್ಲೌಸಿನಲ್ಲಿ ಫೋನೂ ಎತ್ತುತ್ತಾರೆ.

ಹೊಳೆಯುವ ಜೆಲ್ಲಿನಲ್ಲಿ ಫಸ್ಟ್ ಬಂದ ಹಿರಿಯ ಸಿಸ್ಟರ್ ಒಬ್ಬರಿದ್ದರು. ಗೀಟಿನ ಲೆಕ್ಕದಲ್ಲಿ ಅವರದು ಬಹಳ ಕಡಿಮೆ. ಹೇಳಿದರೆ ನಂಬಲಿಲ್ಲ, ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಹಾಳೆ, ಪೆನ್ನು ಅವರ ಕೈಗೇ ಕೊಟ್ಟೆ. “ಅಕ್ಕಾ, ಒಂದು 20 ನಿಮಿಷ ನೀವೇ ಕೂತು ನೋಡಿ.” ಕೂತರು. ಎದ್ದು ಬಂದಾಗ ಏನೂ ಹೇಳಲಿಲ್ಲ. ಆ ವಾರದಿಂದ ಅವರ ಕೈ ತಾನಾಗಿ ಸ್ಯಾನಿಟೈಸರ್ ಬಾಟಲಿಗೆ ಹೋಗುತ್ತಿತ್ತು. ಆಮೇಲೆ ನಾನು ಎಣಿಸುವ ಕೆಲಸವನ್ನು ಸರದಿ ಮೇಲೆ ವಾರ್ಡಿನವರಿಗೇ ಕೊಟ್ಟೆ, ಆಯಾಗಳಿಗೂ. ಐದರಲ್ಲಿ ನನ್ನ ಓಟು ಇದಕ್ಕೇ. ಖರ್ಚು ಹಾಳೆ-ಪೆನ್ನಿನದು.

ಆದರೆ ಇದೂ ಒಂಟಿಯಾಗಿ ನಿಲ್ಲೋದಿಲ್ಲ. ನಮ್ಮ ಐಸಿಯುನಲ್ಲಿ ಸಿಂಕು ಬಾಗಿಲ ಹತ್ತಿರ ಒಂದೇ. ಸೋಪು ಹಾಕಿ ಸರಿಯಾಗಿ ತೊಳೆಯೋಕೆ 40ರಿಂದ 60 ಸೆಕೆಂಡು ಬೇಕು, ನಡೆದು ಹೋಗಿ ಬರೋದು ಬೇರೆ. ಹ್ಯಾಂಡ್ ರಬ್‌ಗೆ, ಅಂದರೆ ನೀರಿಲ್ಲದೆ ಉಜ್ಜಿಕೊಳ್ಳುವ ಸ್ಯಾನಿಟೈಸರ್‌ಗೆ, 20ರಿಂದ 30 ಸೆಕೆಂಡು ಸಾಕು. ಒಂದು ಶಿಫ್ಟಿನಲ್ಲಿ ಎಷ್ಟು ಸಲ ಅಂತ ಗುಣಿಸಿ ನೋಡಿ, ತೊಳೆಯದವರ ಮೇಲೆ ಸಿಟ್ಟೇ ಬರಲ್ಲ. ಮೆಂಟೆನೆನ್ಸ್‌ನ ಅಣ್ಣ ತಂತಿ ಬಗ್ಗಿಸಿ ಪ್ರತಿ ಮಂಚದಲ್ಲೂ ರೋಗಿಯ ಕಾಲ ಕಡೆಯ ಪಟ್ಟಿಗೆ ರಬ್ ಬಾಟಲಿ ಸಿಗಿಸುವ ಕೊಕ್ಕೆ ಮಾಡಿಕೊಟ್ಟರು. ನನ್ನ ಎಲ್ಲ ಕ್ಲಾಸಿಗಿಂತ ಆ ಕೊಕ್ಕೆಯೇ ಹೆಚ್ಚು ಕಲಿಸಿತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಕಣ್ಣಿಗೆ ಕಾಣುವ ಕೊಳೆ ಇದ್ದರೆ, ಭೇದಿಯ ರೋಗಿಯನ್ನು ನೋಡಿಕೊಂಡಿದ್ದರೆ ಮಾತ್ರ ರಬ್ ಸಾಲದು, ಸೋಪು-ನೀರೇ ಆಗಬೇಕು.

ಜಿನೀವಾದ ಡಾ. ಡಿಡಿಯೆ ಪಿಟೆ ಅವರ ತಂಡ ಮಾಡಿದ್ದೂ ಹೀಗೆ ಕೂಡಿಸಿಯೇ. ಮಂಚದ ಹತ್ತಿರ ರಬ್, ಎಣಿಕೆ, ಎಣಿಸಿದ್ದನ್ನು ವಾರ್ಡಿನವರಿಗೇ ಹೇಳೋದು, ಪೋಸ್ಟರು. 1994ರಲ್ಲಿ ನೂರಕ್ಕೆ 48 ಇದ್ದ ಕೈ ಶುಚಿ 1997ಕ್ಕೆ 66 ಆಯಿತು, ಆಸ್ಪತ್ರೆಯಲ್ಲೇ ಅಂಟುವ ಸೋಂಕು 1998ರ ಹೊತ್ತಿಗೆ ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು. ಅಲ್ಲೂ ನರ್ಸುಗಳು ಸುಧಾರಿಸಿದರು, ಡಾಕ್ಟರುಗಳು ಹಾಗೇ ಉಳಿದರು. ಓದಿದಾಗ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಆ ಸಾಲನ್ನು ಎರಡು ಸಲ ಓದಿದೆ.

ಎಣಿಕೆಯ ದೊಡ್ಡ ಕಷ್ಟ ಅಂದರೆ, ನಾನು ಕೂತಿದ್ದೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಒಳ್ಳೆಯ ಮಕ್ಕಳಾಗೋದು. ಅದಕ್ಕೇ ಈಗ ತಿಂಗಳಿಗೆ ಎಷ್ಟು ಲೀಟರ್ ರಬ್ ಖರ್ಚಾಯಿತು ಅಂತಲೂ ಲೆಕ್ಕ ಇಡುತ್ತೇನೆ. ಬಾಟಲಿ ಸುಳ್ಳು ಹೇಳಲ್ಲ ಅಂದುಕೊಂಡಿದ್ದೆ. ಒಂದು ತಿಂಗಳು ಲೆಕ್ಕ ಒಮ್ಮೆಲೇ ಮೇಲೆ ಹೋಯಿತು. ಮೀಟಿಂಗಿನಲ್ಲಿ ಬೆನ್ನು ತಟ್ಟಿಸಿಕೊಂಡೆ. ಸಂಜೆ ಗೇಟಿನ ಎದುರಿನ ಚಹಾದಂಗಡಿಗೆ ಹೋದರೆ, ಗಲ್ಲಾಪೆಟ್ಟಿಗೆ ಪಕ್ಕ ನಮ್ಮ ಐಸಿಯುನ ಸ್ಟಿಕ್ಕರ್ ಇರುವ ಬಾಟಲಿ. ಅಂಗಡಿಯವನು ಎರಡು ಸಲ ಒತ್ತಿ, ಅಂಗೈ, ಹಿಂಗೈ ಚೆನ್ನಾಗಿ ಉಜ್ಜಿಕೊಂಡು ನನಗೆ ಲೋಟ ಕೊಟ್ಟ. ಹೆಬ್ಬೆರಳು ಬಿಟ್ಟಿದ್ದ.